ಧೈರ್ಯ ತಗೋರಿ ಅನ್ನುವ ಮೊದಲು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಒಬ್ಬರಿಗೆ ಕ್ಯಾನ್ಸರ್ ಅಂತ ಊರಿಗೆ ಗೊತ್ತಾದರೆ ಆ ಮನೆಗೆ ಜನ ಬರುವುದು ನಿಲ್ಲುವುದಿಲ್ಲ. ಬಾಳೆಹಣ್ಣು, ಎಳನೀರು, ಬಿಸ್ಕೀಟಿನ ಪುಡಾ ಹಿಡಿದುಕೊಂಡು ಬರುತ್ತಾರೆ. ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಏಳುವ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು: “ಧೈರ್ಯಾ ಬಿಡಬ್ಯಾಡ್ರಿ. ಮನಸ್ಸು ಗಟ್ಟಿ ಇದ್ರ ಯಾವ ಬ್ಯಾನೀನೂ ಏನೂ ಮಾಡಂಗಿಲ್ಲ.” ಬಾಯಿ ತುಂಬ ಹುಣ್ಣಾಗಿ ನೀರು ನುಂಗಲಾರದ ಮನುಷ್ಯ ಸುಮ್ಮನೆ ಗೋಣು ಹಾಕುತ್ತಾನೆ. ಬಾಗಿಲವರೆಗೆ ಬಂದು ಬೀಳ್ಕೊಡುವ ಹೆಂಡತಿಗೂ ಇದೇ ಮಾತು, ಇನ್ನೊಂದು ಬೇಡಿಕೆಯ ಜೊತೆ: “ನೀವ ಅತ್ರ ಅವ್ರಿಗೆ ಹೆಂಗ ಆಗಬೇಕ್ರಿ ಅಕ್ಕಾ?”

ಹೇಳುವವರದು ಒಳ್ಳೆಯ ಮನಸ್ಸು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಒಂದು ಮಾತಿನಲ್ಲಿ ಬೇರೆ ಬೇರೆ ಪ್ರಶ್ನೆಗಳು ಕಲಸಿಕೊಂಡಿವೆ. ಮನಸ್ಸು ಗಟ್ಟಿ ಇದ್ದರೆ ಗಡ್ಡೆ ಕರಗುತ್ತದೆಯೇ ಎಂಬುದು ಒಂದು. ಮನಸ್ಸು ಗಟ್ಟಿ ಇದ್ದರೆ ಚಿಕಿತ್ಸೆ ಮುಗಿಸುವುದು ಸಾಧ್ಯವಾಗುತ್ತದೆಯೇ ಎಂಬುದು ಇನ್ನೊಂದು. ಗಟ್ಟಿ ಮಾಡಿಕೊಳ್ಳಬೇಕಾದದ್ದು ಯಾರ ಮನಸ್ಸು, ಅದಕ್ಕೆ ಬೇಕಾದ ಸಾಮಾನು ಎಲ್ಲಿಂದ ಬರಬೇಕು ಎಂಬುದು ಮೂರನೆಯದು. ಮೊದಲನೆಯದಕ್ಕೆ ವಿಜ್ಞಾನ ಹೆಚ್ಚುಕಡಿಮೆ ಉತ್ತರ ಕೊಟ್ಟುಬಿಟ್ಟಿದೆ. ಉಳಿದೆರಡಕ್ಕೆ ಉತ್ತರ ಹುಡುಕಲು ನಿಪ್ಪಾಣಿ, ಕಾಗವಾಡದ ಮನೆಗಳನ್ನೇ ನೋಡಬೇಕು.

ಈ ಭಾಗದಲ್ಲಿ ಅಪ್ಪನ ಕ್ಯಾನ್ಸರ್ ಅಂದರೆ ಬಹಳ ಸಲ ಬಾಯಿಯದು, ಗಂಟಲಿನದು. ದೇಶದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು ಪತ್ತೆಯಾಗುತ್ತಾರೆಂದು 2022ರ ಜಾಗತಿಕ ಅಂದಾಜು ಹೇಳುತ್ತದೆ; ಗಂಡಸರ ಪಟ್ಟಿಯಲ್ಲಿ ಬಾಯಿ ಕ್ಯಾನ್ಸರೇ ಮೊದಲು. ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ಒಂದಿಲ್ಲೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆಂದು 2016-17ರ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಿತ್ತು. ನಿಪ್ಪಾಣಿಯಲ್ಲಿ ತಂಬಾಕು ಬರೀ ಚಟವಲ್ಲ, ಅದು ಹೊಲ, ಅದು ವಖಾರ, ಅದು ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಸುತ್ತುವ ಬೀಡಿ. 1981ರಲ್ಲಿ ರೈತ ನಾಯಕ ಶರದ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕಿನ ದರಕ್ಕಾಗಿ ರೈತರು ಪುಣೆ-ಬೆಂಗಳೂರು ಹೆದ್ದಾರಿ ತಡೆದು ಕೂತರು. ಪೊಲೀಸರ ಗುಂಡಿಗೆ ರೈತರು ಜೀವ ತೆತ್ತರು. ಒಂದು ಬೆಳೆಗಾಗಿ ಹೀಗೆ ಹೋರಾಡಿದ ಊರಿನಲ್ಲಿ “ತಂಬಾಕು ಬಿಡಿ” ಎಂಬ ಭಿತ್ತಿಪತ್ರ ಎಷ್ಟು ದೂರ ಹೋದೀತು! ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ತಂಬಾಕು, ಹಲ್ಲಿಗೆ ತಿಕ್ಕುವ ಮಿಶ್ರಿ, ಬೀಡಿ, ಈಚೆಗೆ ಮಾವಾ, ಗುಟಕಾ. ಮನೆಯ ಮೂರು ತಲೆಮಾರಿನ ಬಾಯಲ್ಲಿ ಮೂರು ಬಗೆಯ ತಂಬಾಕು ಇರುವುದು ಇಲ್ಲಿ ವಿಶೇಷವೇನಲ್ಲ.

ಮೊದಲ ಪ್ರಶ್ನೆಗೆ ಬರೋಣ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಒಂದು ಅಧ್ಯಯನ ಪ್ರಕಟಿಸಿದರು. ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಪೈಕಿ ವಾರಕ್ಕೊಮ್ಮೆ ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡಿದವರು ಉಳಿದವರಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಹೆಚ್ಚು ಕಾಲ ಬದುಕಿದ್ದರು. ಲೋಕವೇ ಹಿಗ್ಗಿತು. ಮನಸ್ಸೇ ಮದ್ದು ಎಂಬ ಪುಸ್ತಕಗಳು ಸಾಲುಗಟ್ಟಿದವು. ಆದರೆ 2001ರಲ್ಲಿ ಕೆನಡಾದ ಪಮೆಲಾ ಗುಡ್‌ವಿನ್ ಮತ್ತು ಸಂಗಡಿಗರು 235 ಮಹಿಳೆಯರ ಮೇಲೆ ಅದೇ ಪ್ರಯೋಗ ಮಾಡಿದಾಗ ಆಯುಸ್ಸು ಹೆಚ್ಚಲಿಲ್ಲ. ನೋವು ಮತ್ತು ಬೇಗುದಿ ಮಾತ್ರ ಕಡಿಮೆಯಾದವು. ಸ್ಪೀಗಲ್ ಅವರೇ 2007ರಲ್ಲಿ ಮತ್ತೆ ಪರೀಕ್ಷಿಸಿದಾಗಲೂ ಮೊದಲಿನ ಫಲ ಸಿಗಲಿಲ್ಲ.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು ಅದೇ 2007ರ ಮತ್ತೊಂದು ಅಧ್ಯಯನ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 1,093 ರೋಗಿಗಳ ದಾಖಲೆ ತೆಗೆದು ನೋಡಿದರು. ಚಿಕಿತ್ಸೆ ಶುರುವಾಗುವಾಗ ಮನಸ್ಸು ಹಗುರಾಗಿದ್ದವರು, ಕುಗ್ಗಿದ್ದವರು, ಇಬ್ಬರೂ ಅದರಲ್ಲಿದ್ದರು. ಅಧ್ಯಯನ ಮುಗಿಯುವ ಹೊತ್ತಿಗೆ ಅವರಲ್ಲಿ 646 ಮಂದಿ ತೀರಿಕೊಂಡಿದ್ದರು. ಯಾರು ಉಳಿದರು, ಯಾರು ಹೋದರು ಎಂಬುದಕ್ಕೂ ಅವರ ಮನಃಸ್ಥಿತಿಗೂ ಯಾವ ನಂಟೂ ಕಾಣಲಿಲ್ಲ. ನಿಪ್ಪಾಣಿಯ ಬಾಯಿ ಕ್ಯಾನ್ಸರಿನ ಅಪ್ಪಂದಿರ ಗುಂಪಿಗೇ ಸೇರಿದ ರೋಗಿಗಳು ಇವರು.

ಇದನ್ನು ಕೆಟ್ಟ ಸುದ್ದಿ ಎಂದು ಓದುವವರಿದ್ದಾರೆ. ನನಗೆ ಇದು ದೊಡ್ಡ ಸಮಾಧಾನದ ಸುದ್ದಿಯಾಗಿ ಕಾಣುತ್ತದೆ. ಅಪ್ಪ ಒಂದು ರಾತ್ರಿ ಗೋಡೆಗೆ ಮುಖ ಮಾಡಿ ಅತ್ತರೆ ಗಡ್ಡೆ ಬೆಳೆಯುವುದಿಲ್ಲ. ಅವ್ವ ಅಡುಗೆಮನೆಯಲ್ಲಿ ಬಿಕ್ಕಿದರೆ ಅಪ್ಪನ ಆಯುಸ್ಸು ಕಡಿಮೆಯಾಗುವುದಿಲ್ಲ. ಕ್ಯಾನ್ಸರ್ ಮನೋವೈದ್ಯಕ್ಕೆ ಅಡಿಪಾಯ ಹಾಕಿದ ನ್ಯೂಯಾರ್ಕಿನ ಜಿಮ್ಮಿ ಹಾಲೆಂಡ್, ಸದಾ ಧೈರ್ಯವಾಗಿರಬೇಕೆಂಬ ಒತ್ತಾಯವನ್ನು ಧನಾತ್ಮಕ ಚಿಂತನೆಯ ದಬ್ಬಾಳಿಕೆ ಎಂದೇ ಕರೆದರು. ನಗುನಗುತ್ತಿರಲಾರದ ರೋಗಿ, ರೋಗ ಮರುಕಳಿಸಿದಾಗ ಅದನ್ನೂ ತನ್ನ ತಪ್ಪೆಂದೇ ಲೆಕ್ಕ ಹಾಕಿಕೊಳ್ಳುತ್ತಾನೆ ಎಂಬುದು ಅವರ ಆತಂಕವಾಗಿತ್ತು.

ಹಾಗಾದರೆ ಧೈರ್ಯಕ್ಕೆ ಬೆಲೆಯೇ ಇಲ್ಲವೇ? ಇದೆ, ಅದು ಕೆಲಸ ಮಾಡುವ ಜಾಗ ಬೇರೆ.

ಕನ್ನಡಿಗರೆಲ್ಲ ಈಚೆಗೆ ಕಣ್ಣಾರೆ ಕಂಡ ಉದಾಹರಣೆ ನಟ ಶಿವರಾಜಕುಮಾರ್ ಅವರದು. 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನಲ್ಲಿ ಅವರ ಮೂತ್ರಕೋಶ ತೆಗೆದು, ಅವರದೇ ಕರುಳಿನಿಂದ ಹೊಸ ಮೂತ್ರಕೋಶ ಮಾಡಿ ಜೋಡಿಸಿದರು. ಅದಕ್ಕೂ ಮೊದಲು ಕೀಮೋಥೆರಪಿ ನಡೆಯುತ್ತಿರುವಾಗಲೇ ಅವರು ‘45’ ಸಿನಿಮಾದ ಚಿತ್ರೀಕರಣದಲ್ಲಿದ್ದರು. 2025ರ ಹೊಸ ವರ್ಷದ ದಿನ ಪತ್ನಿ ಗೀತಾ ಅವರ ಜೊತೆ ಕೂತು ವಿಡಿಯೊದಲ್ಲಿ ಸುದ್ದಿ ಹೇಳಿದರು. ಜನವರಿ 26ರಂದು ಬೆಂಗಳೂರಿಗೆ ಮರಳಿದರು. ಅಭಿಮಾನಿಗಳು ಅದನ್ನು ಅಣ್ಣನ ಎದೆಗಾರಿಕೆ ಎಂದು ಕೊಂಡಾಡಿದರು. ಆದರೆ ಆ ವಿಡಿಯೊದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಹೊರಡುವಾಗ ಭಯವಾಗಿತ್ತು, ಕಣ್ಣೀರು ಬಂತು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಜೊತೆಗೆ ನಿಂತವರನ್ನು ಒಬ್ಬೊಬ್ಬರನ್ನಾಗಿ ನೆನೆದರು. ಅವರ ಧೈರ್ಯ ಒಬ್ಬಂಟಿ ಧೈರ್ಯವಾಗಿರಲಿಲ್ಲ. ಹೆಂಡತಿ, ಮಗಳು, ವೈದ್ಯರು, ಸ್ನೇಹಿತರು, ಕೆಲಸ ಹೊಂದಿಸಿಕೊಟ್ಟ ನಿರ್ಮಾಪಕರು, ಇನ್ನು ಹಣವಂತೂ ಸರಿಯೇ. ಇಷ್ಟೂ ಕೂಡಿ ಕಟ್ಟಿದ್ದು ಅದು. ಉಗಾರ ಖುರ್ದದ ಕಬ್ಬಿನ ರೈತನಿಗೋ ಅಥಣಿಯ ಚಪ್ಪಲಿ ಹೊಲಿಯುವವನಿಗೋ ಮಯಾಮಿ ಬೇಡ, ಆದರೆ ಧೈರ್ಯವನ್ನು ಹೀಗೆ ಕೂಡಿ ಕಟ್ಟಿಕೊಳ್ಳುವ ಕ್ರಮ ಬೇಕೇ ಬೇಕು.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ವಿಕಿರಣ ಚಿಕಿತ್ಸೆಯನ್ನೇ ತೆಗೆದುಕೊಳ್ಳಿ. ಜನ ಅದನ್ನು ಕರೆಂಟ್ ಅನ್ನುತ್ತಾರೆ. ವಾರಕ್ಕೆ ಐದು ದಿನ, ಆರರಿಂದ ಏಳು ವಾರ, ಒಟ್ಟು 30ರಿಂದ 35 ಸಲ. ಜೊತೆಗೆ ಬಹಳ ಮಂದಿಗೆ ವಾರಕ್ಕೊಂದು ಕೀಮೋ. ಮೊದಲು ಮುಖಕ್ಕೊಂದು ಅಚ್ಚು ತೆಗೆಯುತ್ತಾರೆ. ಜರಡಿಯಂತೆ ತೂತುಗಳಿರುವ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಹೊದಿಸಿ ಒತ್ತುತ್ತಾರೆ. ಕೆಲವೇ ನಿಮಿಷದಲ್ಲಿ ಮೂಗು, ಗದ್ದ, ಗಂಟಲ ಆಕಾರ ಹಿಡಿದು ಗಟ್ಟಿಯಾಗುತ್ತದೆ. ದಿನವೂ ಆ ಅಚ್ಚು ಹಾಕಿ ತಲೆಯನ್ನು ಹಲಗೆಗೆ ಬಿಗಿಯುತ್ತಾರೆ, ಉಳಿದವರೆಲ್ಲ ಕೋಣೆಯಿಂದ ಹೊರಗೆ ಹೋಗುತ್ತಾರೆ, ಯಂತ್ರ ಮಾತ್ರ ಸುತ್ತುತ್ತದೆ. ಹೊಲದಲ್ಲಿ ಹಾವು ಕಂಡರೂ ಹೆದರದ ಗಂಡಸರು ಇಲ್ಲಿ ಉಸಿರು ಕಟ್ಟಿದಂತಾಗಿ ಕೈ ಎತ್ತುತ್ತಾರೆ.

ಮೂರನೇ ವಾರದಿಂದ ಬಾಯಿ ಒಳಗೆಲ್ಲ ಸುಲಿದಂತಾಗುತ್ತದೆ. ರುಚಿ ಹೋಗುತ್ತದೆ, ಜೊಲ್ಲು ಒಣಗುತ್ತದೆ, ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಎಲ್ಲ ಅಲ್ಲಿಗೆ ಮುಗಿದವು. ನುಂಗುವುದೇ ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ. “ಸಾಕ ಬಿಡ್ರಿ, ಇನ್ನ ನಾ ಬರಂಗಿಲ್ಲ” ಎಂದು ಅಪ್ಪ ಹಟ ಹಿಡಿಯುವುದು ಈ ಘಟ್ಟದಲ್ಲಿ. ಈ ಚಿಕಿತ್ಸೆಯ ನಡುವೆ ಬಿಡುವು ಬಿದ್ದಷ್ಟೂ ಗಡ್ಡೆಯ ಜೀವಕೋಶಗಳು ಮತ್ತೆ ಚಿಗುರುತ್ತವೆ. ಒಂದೊಂದು ದಿನ ತಡವಾದಾಗಲೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಿಂದ 1.4ರಷ್ಟು ಇಳಿಯುತ್ತದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಒಂದು ವಾರ ಊರಿಗೆ ಹೋಗಿ ಕೂತರೆ ಏನಾಗುತ್ತದೆಂದು ನೀವೇ ಗುಣಿಸಿ. ಮನಸ್ಸಿನ ಗಟ್ಟಿತನ ಗಡ್ಡೆಯನ್ನು ಮುಟ್ಟಲಾರದು, ಆದರೆ ಅಪ್ಪನನ್ನು ಮಾರನೆಯ ದಿನ ಬೆಳಗಿನ ಬಸ್ಸಿಗೆ ಹತ್ತಿಸಬಲ್ಲದು.

ಆ ಬಸ್ಸಿಗೆ ಹತ್ತಿಸುವುದು ಉಪದೇಶದಿಂದ ಆಗುವ ಕೆಲಸವಲ್ಲ. ಗಂಜಿ, ಹಾಲು, ತುಪ್ಪ ಹಾಕಿದ ಮೆತ್ತನ್ನ ಅನ್ನ, ಹೆಸರುಬೇಳೆ ತೊವ್ವೆ, ತಿನ್ನುವವರಾದರೆ ಮೊಟ್ಟೆ, ಎಲ್ಲವನ್ನೂ ಮಿಕ್ಸಿಯಲ್ಲಿ ತೆಳ್ಳಗೆ ಮಾಡಿ ಸೋಸಬೇಕು. ನಳಿಕೆ ಇದ್ದರೆ ಎರಡು-ಮೂರು ತಾಸಿಗೊಮ್ಮೆ ಸಿರಿಂಜಿನಿಂದ ನಿಧಾನವಾಗಿ ಬಿಡಬೇಕು, ಆಮೇಲೆ ನೀರು ಹಾಯಿಸಿ ನಳಿಕೆ ತೊಳೆಯಬೇಕು, ಅರ್ಧ ತಾಸು ಮಲಗಿಸಬಾರದು. ಸೋಡಾ, ಉಪ್ಪು ಹಾಕಿದ ನೀರಿನಿಂದ ದಿನಕ್ಕೆ ಹತ್ತಾರು ಸಲ ಬಾಯಿ ಮುಕ್ಕಳಿಸಬೇಕು. ವಾರಕ್ಕೊಮ್ಮೆ ತೂಕ ಬರೆದಿಡಬೇಕು. ಈ ಕೆಲಸಗಳಲ್ಲಿ ಒಂದೊಂದನ್ನು ಒಬ್ಬೊಬ್ಬರ ಹೆಸರಿಗೆ ಬರೆದುಕೊಂಡ ಮನೆಯಲ್ಲಿ ಒಂದು ಬಗೆಯ ಲವಲವಿಕೆ ತಾನಾಗಿ ಬರುತ್ತದೆ. ಸಿರಿಂಜು ಹಿಡಿದ ಹದಿನೇಳರ ಹುಡುಗನಿಗೆ ಅಪ್ಪನ ಎದುರು ಏನು ಮಾತಾಡಬೇಕು ಎಂಬ ಕಷ್ಟವಿಲ್ಲ. ಅವನ ಕೈಗೆ ಕೆಲಸವಿದೆ. ಬರೀ ಧೈರ್ಯ ಹೇಳುವ ಕೆಲಸ ಮಾತ್ರ ಸಿಕ್ಕವರೇ ಮೊದಲು ಸೋಲುತ್ತಾರೆ.

ಇನ್ನು ದಾರಿ. ಕಾಗವಾಡದಿಂದ ಮೀರಜ್ ಕೂಗಳತೆಯಲ್ಲಿದೆ, ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರು. ಚಿಕ್ಕೋಡಿಯವರಿಗೆ ಬೆಳಗಾವಿ 75ರ ಆಸುಪಾಸು, ಅಥಣಿಯವರಿಗೆ ಇನ್ನೂ ದೂರ. 1894ರಲ್ಲಿ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಆಸ್ಪತ್ರೆ ತೆರೆದಾಗಿನಿಂದ ಈ ಭಾಗದ ಕನ್ನಡಿಗರಿಗೆ ದೊಡ್ಡ ಕಾಯಿಲೆ ಅಂದರೆ ಮೀರಜ್. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಕೂಡ ಇಲ್ಲಿನ ಮಾತಿನಲ್ಲಿ ನೆಂಟರ ಊರಿನಷ್ಟೇ ಸಲೀಸು. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದ ಮೇಲೆ ಜಿಲ್ಲೆಯೊಳಗೇ ಒಂದು ದಾರಿ ಹೆಚ್ಚಾಗಿದೆ. ಆದರೂ ಏಳು ವಾರ ದಿನವೂ ಹೋಗಿ ಬರುವುದೋ, ಅಲ್ಲೇ ಕೋಣೆ ಹಿಡಿಯುವುದೋ ಎಂಬ ಲೆಕ್ಕ ಎಲ್ಲ ಮನೆಯಲ್ಲೂ ನಡೆಯುತ್ತದೆ. ಸುಲಿದ ಬಾಯಿ, ವಾಂತಿ, ಗುಂಡಿಬಿದ್ದ ರಸ್ತೆ ಮೂರೂ ಕೂಡಿದರೆ ಎಂಥ ಆಶಾವಾದಿಯೂ ಕುಸಿಯುತ್ತಾನೆ. ಕೋಣೆ ಹಿಡಿಯಲು ಶಕ್ತಿ ಇದ್ದವರು ಕೊನೆಯ ಮೂರು ವಾರವಾದರೂ ಹಿಡಿಯುವುದು ಮೇಲು. ಮುಂಬೈಗೆ ಹೋಗುವವರು ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯನ್ನು ನೆಚ್ಚಿಕೊಂಡಿದ್ದಾರೆ.

ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಯವರೊಬ್ಬರಿಗೆ ಮುಕ್ಕಾಲು ಭಾಗ. ಆಸ್ಪತ್ರೆ ಬರೆದುಕೊಡುವ ಒಂದು ಫಾರಂ ಸಾಕು. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಲ್ಲಿ ಪೂರ್ತಿ ದುಡ್ಡು ಕೊಟ್ಟು ಹತ್ತುವ ರೋಗಿಗಳಿದ್ದಾರೆ, ಯಾರೂ ಹೇಳಿರುವುದಿಲ್ಲ ಅಷ್ಟೆ. ಬಸ್ಸಿನದು ಇನ್ನೊಂದು ತಮಾಷೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವ್ವ ಬೆಳಗಾವಿಗೆ ಪುಕ್ಕಟೆ ಹೋಗುತ್ತಾಳೆ, ಪಕ್ಕದಲ್ಲಿ ಕೂತ ರೋಗಿ ಅಪ್ಪ ಟಿಕೀಟು ತೆಗೆಸುತ್ತಾನೆ. ಮನೆಯವರ ನಗೆಗೆ ಇದೂ ಒಂದು ನೆವ ಆಗಿರುವುದುಂಟು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30, ಒಟ್ಟು 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಗಡಿ ದಾಟಿದರೆ ಮಾತು ಬೇರೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಸಾಧಿಸುವ 865 ಗಡಿ ಹಳ್ಳಿಗಳಿಗೆ ತನ್ನ ಮಹಾತ್ಮಾ ಫುಲೆ ಆರೋಗ್ಯ ಯೋಜನೆಯನ್ನು ವಿಸ್ತರಿಸಿತು, ಕರ್ನಾಟಕ ಕೆಂಡವಾಯಿತು. ರಾಜಕೀಯದವರಿಗೆ ಅದು ನಕಾಶೆಯ ಜಗಳ. ಫೈಲಿನ ಚೀಲ ಹಿಡಿದು ಕೌಂಟರಿನ ಮುಂದೆ ನಿಂತವನಿಗೆ ಯಾವ ಕಾರ್ಡು ಎಲ್ಲಿ ನಡೆಯುತ್ತದೆ ಎಂಬುದಷ್ಟೇ ಪ್ರಶ್ನೆ. ಚಿಕಿತ್ಸೆ ಶುರುವಾಗುವ ಮೊದಲೇ ಅದನ್ನು ಕೇಳಿಕೊಳ್ಳುವುದು ಒಳ್ಳೆಯದು. ನಡುವೆ ಆಸ್ಪತ್ರೆ ಬದಲಿಸಿದರೆ ಮತ್ತೆ ಅಚ್ಚು, ಮತ್ತೆ ಸ್ಕ್ಯಾನು, ಮತ್ತೆ ವಾರ ತಡ. ಯಾವ ಕಾರ್ಡೂ ಕೊಡದ ಖರ್ಚು ಪ್ರಯಾಣದ್ದು, ಊಟದ್ದು, ಕಳೆದುಹೋದ ದಿನಗೂಲಿಯದ್ದು. ಬೀಡಿ ಸುತ್ತುವ ತಾಯಿ ಆಸ್ಪತ್ರೆಗೆ ಹೋದ ದಿನ ಬೀಡಿಯೂ ಇಲ್ಲ, ಕೂಲಿಯೂ ಇಲ್ಲ. ಕಬ್ಬಿನ ಬಿಲ್ಲು ಕಾರ್ಖಾನೆ ಕೊಟ್ಟಾಗ ಬರುತ್ತದೆ, ರೋಗ ಅದಕ್ಕೆ ಕಾಯುವುದಿಲ್ಲ. ಊರಿನ ಕೃಷಿ ಪತ್ತಿನ ಸಂಘದ (ಪಿಕೆಪಿಎಸ್) ಸಾಲ, ಕೈಗಡ, ಕೊನೆಗೆ ಬಂಗಾರ ಅಡವು. ಇಲ್ಲಿ ಬಂಧುಗಳು ಎಳನೀರಿನ ಬದಲು ಒಂದು ವಾರದ ವಾಹನದ ಖರ್ಚು ಹೊತ್ತರೆ, ಅದು ಯಾವ ಸಮಾಧಾನದ ಮಾತಿಗಿಂತಲೂ ಹೆಚ್ಚು ಧೈರ್ಯ ಕೊಡುತ್ತದೆ.

ಈಗ ಕಷ್ಟದ ಭಾಗ. “ಅಪ್ಪಾಗ ಬರೇ ಹುಣ್ಣ ಅಂತ ಹೇಳ್ರಿ ಸಾಹೇಬ್ರ, ಕ್ಯಾನ್ಸರ್ ಅಂದ್ರ ಎದಿ ಒಡ್ಕೋತಾರ.” ಮಗ ವೈದ್ಯರನ್ನು ಪಕ್ಕಕ್ಕೆ ಕರೆದು ಹೀಗೆ ಬೇಡಿಕೊಳ್ಳುವುದು ಎಲ್ಲ ಆಸ್ಪತ್ರೆಯಲ್ಲೂ ದಿನವೂ ನಡೆಯುವಂಥದ್ದು. ನಿಮ್ಹಾನ್ಸಿನಲ್ಲಿದ್ದ ಮನೋವೈದ್ಯ ಸಂತೋಷ್ ಚತುರ್ವೇದಿಯವರು ಭಾರತೀಯ ಕುಟುಂಬಗಳ ಈ ಮುಚ್ಚುಮರೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಉದ್ದೇಶ ಪ್ರೀತಿಯೇ. ಆದರೆ ಕ್ಯಾನ್ಸರ್ ಎಂದು ದೊಡ್ಡಕ್ಷರದಲ್ಲಿ ಬರೆದ ಬೋರ್ಡಿನ ಕೆಳಗೆ, ಕೂದಲು ಉದುರಿದ ಹತ್ತಾರು ಜನರ ನಡುವೆ ಕೂತ ಅಪ್ಪನಿಗೆ ಗೊತ್ತಾಗದೇ ಇರುತ್ತದೆಯೇ? ಗೊತ್ತಾಗುತ್ತದೆ. ಮಕ್ಕಳು ಅಂಜಬಾರದೆಂದು ಅವನೂ ಗೊತ್ತಿಲ್ಲದಂತೆ ಇರುತ್ತಾನೆ. ಮನೆಯಲ್ಲಿ ಎರಡು ನಾಟಕ ಒಂದೇ ಹೊತ್ತಿಗೆ ನಡೆಯುತ್ತವೆ, ನೋಡುವವರು ಯಾರೂ ಇಲ್ಲ. ಹೊಲದ ಉತಾರ ಯಾರ ಹೆಸರಿಗೆ, ಸೊಸೈಟಿಯ ಸಾಲ ಎಷ್ಟು, ಯಾರಿಗೆ ಕೊಟ್ಟ ಕೈಗಡ ಬರಬೇಕು, ಮಗಳ ಮದುವೆಗೆ ಏನು ಅಂದುಕೊಂಡಿದ್ದ ಎಂಬುದನ್ನೆಲ್ಲ ಹೇಳಬೇಕೆಂದು ಅಪ್ಪನಿಗೆ ಅನಿಸುತ್ತದೆ. ಬಾಯಿ ತೆಗೆದರೆ “ಅದನ್ಯಾಕ ಮಾತಾಡ್ತಿ, ಏನೂ ಆಗಂಗಿಲ್ಲ” ಎಂದು ಬಾಯಿ ಮುಚ್ಚಿಸುತ್ತಾರೆ. ಆಶಾವಾದದ ಹೆಸರಿನಲ್ಲಿ ಒಬ್ಬ ಮನುಷ್ಯನನ್ನು ಅವನದೇ ಮನೆಯಲ್ಲಿ ಒಂಟಿ ಮಾಡುವುದು ಹೀಗೆ.

ನನಗೆ ಇದು ವಿಚಿತ್ರವೆನಿಸುವುದು ಈ ನೆಲದ ಕಾರಣಕ್ಕೆ. ಸಾವನ್ನು ಇಷ್ಟು ಬಹಿರಂಗವಾಗಿ ಮಾತಾಡಿದ ಪ್ರದೇಶ ಕಡಿಮೆ. ಚಿಕ್ಕೋಡಿ ಸೀಮೆಯ ಭೋಜದ ಜೈನ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ, ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಸ್ವೀಕರಿಸಿದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿ 18ರಂದು ಛತ್ತೀಸಗಡದ ಡೊಂಗರಗಡದಲ್ಲಿ ಅದೇ ಮಾರ್ಗದಲ್ಲಿ ದೇಹ ಬಿಟ್ಟಾಗ ಇಲ್ಲಿನ ಊರೂರಲ್ಲಿ ಜನ ಕೈಮುಗಿದರು. ಯತಿಗಳ ವ್ರತಕ್ಕೂ ಸಂಸಾರಿಯ ರೋಗಕ್ಕೂ ಹೋಲಿಕೆ ಇಲ್ಲ, ಚಿಕಿತ್ಸೆಗೆ ಬಗ್ಗುವ ರೋಗವನ್ನು ವೈರಾಗ್ಯದಿಂದ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಹೇಳಬೇಕಾದದ್ದು ಇಷ್ಟೆ: ಸಾವಿನ ಮಾತು ಕೇಳಿ ಎದೆ ಒಡೆದುಕೊಳ್ಳುವಷ್ಟು ಅಳ್ಳೆದೆಯವರಲ್ಲ ನಮ್ಮ ಹಿರಿಯರು. ಎಲ್ಲವನ್ನೂ ಒಂದೇ ದಿನ ಸುರಿಯಬೇಕಾಗಿಲ್ಲ. “ನಿಮಗ ಎಷ್ಟು ತಿಳ್ಕೋಬೇಕು ಅನಸ್ತೈತಿ?” ಎಂದು ಅಪ್ಪನನ್ನೇ ಕೇಳಿ, ಕೇಳಿದಷ್ಟು ಹೇಳಿದರೆ ಸಾಕಾಗುತ್ತದೆ.

ತಂಬಾಕಿನ ಲೆಕ್ಕವೂ ಒಳಗೊಳಗೇ ಕುದಿಯುತ್ತಿರುತ್ತದೆ. “ಎಷ್ಟ ಸಲ ಹೇಳೇವಿ, ಕೇಳಿಲ್ಲ” ಎಂದು ಮಕ್ಕಳು. ಚಂಚಿ ಸೊಂಟದಲ್ಲೇ ಇಟ್ಟುಕೊಂಡು ಕರೆಂಟಿಗೆ ಬರುವ ಅಪ್ಪ. ಬಿಡಲೇಬೇಕು, ಅದರಲ್ಲಿ ರಾಜಿಯಿಲ್ಲ: ಚಿಕಿತ್ಸೆಯ ವೇಳೆ ಧೂಮಪಾನ ಮುಂದುವರಿಸಿದವರಲ್ಲಿ ಗಡ್ಡೆ ಪೂರ್ತಿ ಕರಗಿದ್ದು ಶೇ. 45 ಮಂದಿಗೆ, ಬಿಟ್ಟವರಲ್ಲಿ ಮತ್ತು ಸೇದದವರಲ್ಲಿ ಶೇ. 74 ಮಂದಿಗೆ ಎಂದು 1993ರಲ್ಲೇ ಕೆನಡಾದ ಒಂದು ಅಧ್ಯಯನ ತೋರಿಸಿದೆ. ಆದರೆ ಬಿಡಿಸುವುದು ಬೇರೆ, ಬೈಯುವುದು ಬೇರೆ. ಹತ್ತನೇ ವಯಸ್ಸಿಗೆ ತಂಬಾಕಿನ ಹೊಲದಲ್ಲಿ ಕೂಲಿಗೆ ನಿಂತವನಿಗೆ ಅದು ಚಟವೋ ದುಡಿಮೆಯೋ ಎಂದು ಗೆರೆ ಎಳೆದು ಹೇಳಲಾದೀತೇ? ಅಂಥವನ ಮೇಲೆ ಇಡೀ ರೋಗದ ಹೊಣೆ ಹೊರಿಸುವುದು ನ್ಯಾಯವೂ ಅಲ್ಲ, ಚಿಕಿತ್ಸೆಗೆ ಸಹಾಯವೂ ಅಲ್ಲ. ತಟ್ಟೆ, ತಂಬಿಗೆ ಬೇರೆ ಇಡುವ ಮನೆಗಳೂ ಇವೆ. ಕ್ಯಾನ್ಸರ್ ಅಂಟುವ ರೋಗವಲ್ಲ; ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

ಭರವಸೆ ದಾರಿ ತಪ್ಪಿಸುವುದೂ ಉಂಟು. “ಕತ್ತರಿ ಹಾಕಿದ್ರ ಹಬ್ಬತೈತಿ” ಎಂದು ಬಯಾಪ್ಸಿ ಮುಂದೂಡಿದವರು, ಸಾಗರ ತಾಲ್ಲೂಕಿನ ನರಸೀಪುರದ ನಾಟಿ ಔಷಧಕ್ಕೆ ನಸುಕಿನಲ್ಲೇ ಸರದಿ ನಿಂತು ಮೂರು ತಿಂಗಳು ಕಳೆದವರು ಎಲ್ಲ ಊರಲ್ಲೂ ಸಿಗುತ್ತಾರೆ. ಗುಣಪಡಿಸಬಹುದಾದ ಹಂತದಲ್ಲಿ ಬರೀ ಪರ್ಯಾಯ ಔಷಧ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚು ಎಂದು ಅಮೆರಿಕದ 2018ರ ಅಧ್ಯಯನ ಕಂಡಿತು. ಚಿಂಚಲಿ ಮಾಯಕ್ಕನಿಗೆ ಹರಕೆ ಹೊರುವುದಕ್ಕೆ ನನ್ನ ತಕರಾರಿಲ್ಲ. ದೇವಿ ಯಾವತ್ತೂ ಕರೆಂಟಿನ ದಿನ ತಪ್ಪಿಸಿ ಬಾ ಅಂದವಳಲ್ಲ.

ಮನೆಯವರ ಮನಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಂಥ ಖಿನ್ನತೆ ಇರುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಅದು ಅಧೈರ್ಯವಲ್ಲ, ಇನ್ನೊಂದು ಕಾಯಿಲೆ, ಗುಣವಾಗುವ ಕಾಯಿಲೆ. ಆರೈಕೆ ಮಾಡುವ ಹೆಂಡತಿಗೂ ಅದು ಬರಬಹುದು. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇಷ್ಟಾದರೂ ಒಂದು ಮಾತು: ಅವ್ವನಿಗೆ ವಾರಕ್ಕೆ ಒಂದು ಮಧ್ಯಾಹ್ನ ಪೂರ್ತಿ ನಿದ್ದೆ ಮಾಡಲು ಬಿಡುವ ಮಗಳೋ ನೆಗೆಣ್ಣಿಯೋ ಇದ್ದರೆ ಬಹಳಷ್ಟು ಫೋನು ಬೇಕಾಗಲಿಕ್ಕಿಲ್ಲ.

ನೋವಿದ್ದಾಗ ಯಾವ ಆಶಾವಾದವೂ ನಿಲ್ಲುವುದಿಲ್ಲ. ಮಾರ್ಫಿನ್ ಅಂದರೆ ಕೊನೆಯ ಗಳಿಗೆಯ ಔಷಧ ಎಂಬ ಭಯ ಊರಲ್ಲಿದೆ, ಕೆಲವು ವೈದ್ಯರಲ್ಲೂ ಇದೆ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದು ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಯಿತು. ನೋವು ಶಮನ, ಮನಸ್ಸಿನ ಆರೈಕೆ, ಮನೆಯವರ ಜೊತೆ ಮಾತು ಇಷ್ಟನ್ನೂ ಕೊಡುವ ಉಪಶಾಮಕ ಚಿಕಿತ್ಸೆಯನ್ನು ಕೊನೆಗೆ ಇಟ್ಟುಕೊಳ್ಳದೆ ಮೊದಲಿನಿಂದ ಕೊಟ್ಟರೆ ಏನಾಗುತ್ತದೆ? 2010ರಲ್ಲಿ ಬಾಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಮೇಲೆ ಇದನ್ನು ನೋಡಿದರು. ಖಿನ್ನತೆ ಕಡಿಮೆಯಾಯಿತು, ಬದುಕಿದ ಅವಧಿಯ ಮಧ್ಯಾಂಕವೂ 8.9 ತಿಂಗಳಿನಿಂದ 11.6ಕ್ಕೆ ಏರಿತು. ಧೈರ್ಯ ಹೇಳಿದ್ದು ತರಲಾರದ ತಿಂಗಳುಗಳನ್ನು ನೋವಿನ ಔಷಧವೂ ಸರಿಯಾದ ಮಾತೂ ತಂದವು. ಬೆಂಗಳೂರಿನಲ್ಲಿ ಕರುಣಾಶ್ರಯ ಇದನ್ನು ಪುಕ್ಕಟೆಯಾಗಿ ಮಾಡುತ್ತಿದೆ. ಚಿಕ್ಕೋಡಿಯವರು ಅಷ್ಟು ದೂರ ಹೋಗಲಾರರು. ತಾಲ್ಲೂಕು ಆಸ್ಪತ್ರೆಯ ಒಬ್ಬ ನರ್ಸಿಗೆ ತರಬೇತಿ ಕೊಟ್ಟು ವಾರಕ್ಕೆರಡು ದಿನ ಒಂದು ಗಾಡಿ ಕೊಟ್ಟರೆ ಆಗುವ ಕೆಲಸ ಇದು. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋ ಕೇಂದ್ರ ತೆರೆದದ್ದು ಒಳ್ಳೆಯ ಹೆಜ್ಜೆ. ಕೀಮೋ ಜಿಲ್ಲೆಗೆ ಬಂತು, ನೋವಿನ ಗುಳಿಗೆ ಹಳ್ಳಿಗೆ ಬರಬೇಕಿದೆ.

ಚಿಕಿತ್ಸೆ ಮುಗಿದವರದು ಇನ್ನೊಂದು ಕಥೆ. ದವಡೆ ಬಿಗಿದು ಬಾಯಿ ತೆರೆಯುವುದಿಲ್ಲ. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಕೆಲವು ದಿನಕ್ಕೊಂದರಂತೆ ಕಡ್ಡಿ ಹೆಚ್ಚಿಸುತ್ತಾ ಹೋಗುವುದು ವ್ಯಾಯಾಮ. ಅಪ್ಪ ನೋವಿಗೆ ಗುರುಗುಟ್ಟುತ್ತಾನೆ, ಮೊಮ್ಮಕ್ಕಳು ಕಡ್ಡಿ ಎಣಿಸುತ್ತಾರೆ. ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ, ಆಮೇಲೆ ಅಂತರ ಹೆಚ್ಚುತ್ತದೆ, ಐದು ವರ್ಷದವರೆಗೆ ತಪ್ಪಿಸುವಂತಿಲ್ಲ. ಒಮ್ಮೆ ತಂಬಾಕಿಗೆ ಪಕ್ಕಾದ ಬಾಯಲ್ಲಿ ಎರಡನೆಯ ಗಡ್ಡೆ ಹುಟ್ಟಬಹುದು, ಅದಕ್ಕೆ ಈ ಕಾವಲು.

ತಪಾಸಣೆಗೆ ಅಪ್ಪನ ಜೊತೆ ಫೈಲು ಹಿಡಿದು ಬರುವವನು ಸಾಮಾನ್ಯವಾಗಿ ಮಗ. 2013ರಲ್ಲಿ ರಾಜ್ಯದಲ್ಲಿ ಗುಟಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆ ಆಗಿ ಅಂಗಡಿಯಲ್ಲಿ ತೂಗುತ್ತವೆ. ಸೇರಿಸಿಕೊಳ್ಳುವುದು ಗಿರಾಕಿಯ ಕೆಲಸ. ಆಸ್ಪತ್ರೆಯ ಗೇಟಿನಾಚೆ ನಿಂತು ಸೇರಿಸಿಕೊಳ್ಳುವ ಮಕ್ಕಳನ್ನು ನೋಡದ ವೈದ್ಯರಿಲ್ಲ. ಬಾಯೊಳಗೆ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಖಾರ ತಿಂದರೆ ಉರಿ ಇವಿಷ್ಟೂ ಟಾರ್ಚಿನ ಬೆಳಕಿಗೆ ಕಾಣುವಂಥವು. ಅಪ್ಪನನ್ನು ನೋಡಿದ ಅದೇ ಕುರ್ಚಿಯಲ್ಲಿ ಮಗನನ್ನೂ ಕೂರಿಸಿ ಬಾಯಿ ತೆರೆಸಲು ಎರಡು ನಿಮಿಷ ಸಾಕು. “ಇವನದೂ ಒಂದ್ ಸಲ ನೋಡ್ರಿ ಸಾಹೇಬ್ರ” ಎಂದು ಹೇಳುವ ಅಧಿಕಾರ ಆ ಕೋಣೆಯಲ್ಲಿ ಅಪ್ಪನಿಗಿರುವಷ್ಟು ಬೇರೆ ಯಾರಿಗೂ ಇಲ್ಲ.